ಹಗುರದ್ದೋ, ಭಾರದ್ದೋ

ದೇವದುರ್ಗ
12 ಜನವರಿ 2025

ಶಾಕಿರ್ ಅವರೇ,

ನೀವು ನನ್ನ ಅಣ್ಣ ಓಡಿಸುವ ಗಾಡಿಗೆ ಹಾಕಬಾರದ ಚಕ್ರ ಹಾಕಿದಿರಿ. ಅದರಿಂದ ಅವನ ಸೊಂಟದ ಕೆಳಗೆ ಜೀವವಿಲ್ಲ. ಸುತ್ತಿ ಬಳಸಿ ಬರೆಯಲು ನನಗೆ ಬರುವುದಿಲ್ಲ, ಅದಕ್ಕೇ ಮೊದಲ ಸಾಲಿನಲ್ಲೇ ಹೇಳಿದ್ದೇನೆ.

ನಾನು ಅಂಬಿಕಾ, ವಿನೋದನ ತಂಗಿ. ಇಲ್ಲಿ ತಹಸೀಲ್ ಕಚೇರಿ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಟೈಪ್ ಮಾಡುತ್ತೇನೆ. ನಿಮ್ಮನ್ನು ನೋಡಿಲ್ಲ. ಆದರೆ ವಿನೋದ ರಾಯಚೂರಿನಿಂದ ಫೋನ್ ಮಾಡಿದಾಗಲೆಲ್ಲ ನಿಮ್ಮದೇ ಸುದ್ದಿ. "ಶಾಕಿರಣ್ಣ ಎಂಜಿನ್ ಬಿಚ್ಚೂದು ನೋಡಬೇಕ ನೀ, ಕೂಸಿಗೆ ನೀರ ಎರಿಯೋರು ಬಟ್ಟಿ ಬಿಚ್ಚಿದಂಗ ಬಿಚ್ಚತಾನ" ಅನ್ನುತ್ತಿದ್ದ. ಆ ಕೈಯೇ ಇದನ್ನು ಮಾಡಿತು ಎಂದು ನಂಬಲು ನನಗೂ ತಡವಾಯಿತು.

ನಡೆದದ್ದು ನಿಮಗೆ ಗೊತ್ತಿದೆ. ಆದರೂ ಬರೆಯುತ್ತೇನೆ, ನಾಳೆ ಯಾರೂ ಬೇರೆ ಥರ ಹೇಳಬಾರದು. ಡಿಸೆಂಬರಿನಲ್ಲಿ ಮಾನ್ವಿಯ ಹತ್ತಿರ, ಭತ್ತ ಕೊಯ್ದ ಗದ್ದೆಗಳಲ್ಲಿ ಕಾರಿನ ಪಂದ್ಯ ಇತ್ತು. ರೈಸ್ ಮಿಲ್ಲಿನ ಮಾಲೀಕ ಬಸವಲಿಂಗರು ತಮ್ಮ ಕೆಂಪು ಕಾರು ಇಳಿಸಿದರು. ಕಾರು ಅವರದು, ಹೆಸರು ಅವರದು, ಒಳಗೆ ಕೂತ ದೇಹ ಮಾತ್ರ ಅವರ ಸಂಬಳಕ್ಕೆ ಗಾಡಿ ಓಡಿಸುವ ನನ್ನ ಅಣ್ಣನದು. ಹೊರಡುವ ಗೆರೆಯನ್ನು ನಾಲೆಯ ಏರಿಗೆ ಹತ್ತುವ ಇಳಿಜಾರಿನ ನಡುವೆ ಎಳೆದಿದ್ದರು. ಬಾವುಟ ಬೀಸಿದರು. ಗಾಡಿ ಒಂದು ಸಲ ಜಿಗಿದು ಗೆರೆಯಲ್ಲೇ ಬಂದ್ ಬಿತ್ತು. ಮತ್ತೆ ಚಾಲು ಮಾಡುವ ಅವಸರದಲ್ಲಿ ಅವನು ಕ್ಲಚ್ ಒತ್ತಿದ, ಬ್ರೇಕಿನ ಮೇಲಿನ ಕಾಲು ಆಕ್ಸಿಲರೇಟರಿಗೆ ಹೋಯಿತು. ಗಾಡಿ ಹಿಂದಕ್ಕೆ ಜಾರಿ, ಇಳಿಜಾರಿನ ಬುಡದ ಒಣ ಹಳ್ಳದಲ್ಲಿ ಮಗುಚಿತು.

ಅದನ್ನು ಮೇಲೆತ್ತಿದ ಮಾನ್ವಿಯ ಮೆಕ್ಯಾನಿಕ್ ಹಂಪಯ್ಯ ನನಗೆ ಹೇಳಿದರು: ಒಳಗೆ ಫ್ಲೈವೀಲ್ ಎಂಬ ಚಕ್ರ ಇರುತ್ತದೆ, ಅದನ್ನು ಹಗುರದ್ದು ಹಾಕಿದರೆ ಏರಿನಲ್ಲಿ ಗಾಡಿ ಬಂದ್ ಬೀಳುವ ಭಯ ಹೆಚ್ಚು, ನಿಮ್ಮ ಬಳಿ ಭಾರದ್ದೂ ಇತ್ತು.

ನಾನು ಕಾಲೇಜು ಮುಗಿಸಿದವಳಲ್ಲ. ಸಂತೆಯಲ್ಲಿ, ಧರಣಿಯ ಟೆಂಟಿನಲ್ಲಿ ಹಂಚುವ ತೆಳು ಪುಸ್ತಿಕೆಗಳೇ ನನ್ನ ಓದು. ಕೂಲಿಯವನ ಮೈ ಮುರಿದಾಗ ಅದನ್ನು ಅಪಘಾತ ಅನ್ನುವವರು ಯಾರು ಎಂದು ಮೊದಲು ನೋಡಬೇಕು ಎಂಬುದನ್ನು ಅವು ನನಗೆ ಕಲಿಸಿವೆ. ಬಸವಲಿಂಗರು ಅಪಘಾತ ಅನ್ನುತ್ತಿದ್ದಾರೆ. ನೀವೂ ಅದನ್ನೇ ಅನ್ನುವಿರಾ?

ಎರಡು ಚಕ್ರಗಳಲ್ಲಿ ಹಗುರದ್ದೇ ಇರಲಿ ಎಂದವರು ಯಾರು? ಬರೆದು ಕಳಿಸಿ. ಫೋನಿನಲ್ಲಿ ಬೇಡ. ಬಾಯಿಮಾತು ಬಡವರಿಗೆ ಸಾಕ್ಷಿಯಾಗುವುದಿಲ್ಲ.

ಉತ್ತರಕ್ಕೆ ಕಾದಿರುವ
ಅಂಬಿಕಾ


ದೇವದುರ್ಗ
3 ಫೆಬ್ರುವರಿ 2025

ಶಾಕಿರ್ ಅವರೇ,

ನಿಮ್ಮಿಂದ ಉತ್ತರ ಬರಲಿಲ್ಲ. ಸುಮ್ಮನಿದ್ದರೆ ಮರೆತುಹೋಗುತ್ತದೆ ಎಂದುಕೊಂಡಿದ್ದರೆ ನನ್ನನ್ನು ನೀವು ಅರಿತಿಲ್ಲ.

ಇದರೊಳಗೆ ಒಂದು ಕರಪತ್ರ ಇಟ್ಟಿದ್ದೇನೆ. ನಾನೇ ಟೈಪ್ ಮಾಡಿ ಅಚ್ಚು ಹಾಕಿಸಿದ್ದು. ದೇವದುರ್ಗ, ಮಾನ್ವಿ, ರಾಯಚೂರಿನ ಗೋಡೆಗಳಿಗೆ ಹುಡುಗರು ಅಂಟಿಸುತ್ತಿದ್ದಾರೆ. "ಮಾಲೀಕರ ಮೋಜು, ಡ್ರೈವರನ ಬೆನ್ನೆಲುಬು" ಎಂಬುದು ತಲೆಬರಹ. ಗಾಡಿಯೊಳಗೆ ತಲೆ ಕಾಯುವ ಕಬ್ಬಿಣದ ಚೌಕಟ್ಟು ಹಾಕಿಸದ ಮಾಲೀಕ, ಗೊತ್ತಿದ್ದೂ ಹಗುರದ ಚಕ್ರ ಹಾಕಿದ ಮೆಕ್ಯಾನಿಕ್, ಇಬ್ಬರೂ ಉತ್ತರ ಕೊಡಲಿ ಎಂದು ಕೇಳಿದ್ದೇನೆ.

ವಿನೋದನನ್ನು ಮನೆಗೆ ತಂದಿದ್ದೇವೆ. ನಮ್ಮ ಯವ್ವ ಬೂದೆಮ್ಮ ಹತ್ತಿ ಬಿಡಿಸಲು ಹೋಗುವುದನ್ನು ಬಿಟ್ಟು ಅವನ ಪಕ್ಕದಲ್ಲೇ ಇರುತ್ತಾಳೆ. ಸೊಳ್ಳೆ ಕಾಲಿನ ಮೇಲೆ ಕೂತರೆ ಅವನಿಗೆ ತಿಳಿಯುವುದಿಲ್ಲ. ಅವಳೇ ನೋಡಿ ಹೊಡೆಯುತ್ತಾಳೆ.

ಅಂಬಿಕಾ


ರಾಯಚೂರು
16 ಫೆಬ್ರುವರಿ 2025

ತಂಗಿ ಅಂಬಿಕಾ,

ಎರಡೂ ಕಾಗದ ಮುಟ್ಟಿವೆ. ಕರಪತ್ರ ನೀವು ಕಳಿಸುವ ಮೊದಲೇ ನನ್ನ ಶಟರಿನ ಮೇಲೆ ಇತ್ತು. ನೀವು ಅದರಲ್ಲಿ "ರಾಯಚೂರಿನ ಮೆಕ್ಯಾನಿಕ್" ಎಂದಷ್ಟೇ ಅಚ್ಚು ಹಾಕಿಸಿದ್ದೀರಿ. ಯಾರೋ ಅದರ ಮೇಲೆ ಗೀಟು ಎಳೆದು ನನ್ನ ಪೂರ್ತಿ ಹೆಸರು ದೊಡ್ಡದಾಗಿ ಬರೆದಿದ್ದಾರೆ. ಕೆಳಗೆ ನೀವು ಬರೆಯದ ಎರಡು ಸಾಲು ಸೇರಿಸಿದ್ದಾರೆ. ಅವನ್ನು ಇಲ್ಲಿ ಬರೆಯುವುದಿಲ್ಲ. ಆ ಸಾಲುಗಳಿಗೂ ಗಾಡಿ ರಿಪೇರಿಗೂ ಸಂಬಂಧವಿಲ್ಲ. ಈಗ ಗಿರಾಕಿಗಳು ದೂರದಲ್ಲೇ ಗಾಡಿ ತಿರುಗಿಸಿಕೊಂಡು ಹೋಗುತ್ತಾರೆ.

ನೀವು ಕೇಳಿದ್ದರಲ್ಲಿ ಹೇಳಬಹುದಾದ್ದನ್ನು ಹೇಳುತ್ತೇನೆ.

ಬಸವಲಿಂಗರ ಕಾರಿನ ಎಂಜಿನ್ ಜೋರು ಮಾಡಿದ್ದು ನಾನೇ. ಆಮೇಲೆ ಕಂಪನಿಯ ಕ್ಲಚ್ ತಾಳಲಿಲ್ಲ. ಎಂಜಿನ್ ಕೂಗುತ್ತಿತ್ತು, ಗಾಡಿ ಮುಂದೆ ಹೋಗುತ್ತಿರಲಿಲ್ಲ, ಸುಟ್ಟ ವಾಸನೆ ಬೇರೆ. ಹೊಸದು ಬೇಕಾಯಿತು. ಬಸವಲಿಂಗರು ಎರಡು ಜೋಡಿ ತರಿಸಿದರು. ಒಂದರಲ್ಲಿ ಮೆತ್ತಗೆ ಹಿಡಿಯುವ ಕ್ಲಚ್ ಪ್ಲೇಟು, ಭಾರದ ಫ್ಲೈವೀಲ್. ಇನ್ನೊಂದರಲ್ಲಿ ಸಿರಾಮಿಕ್ ಬಿಲ್ಲೆಗಳ ಕ್ಲಚ್, ಹಗುರದ ಫ್ಲೈವೀಲ್. ಸಿರಾಮಿಕ್ಕಿನದು ಹಿಡಿಯುವುದಿಲ್ಲ, ಕಚ್ಚುತ್ತದೆ.

ಮನೆಯಲ್ಲಿ ಬೀಸುವ ಕಲ್ಲು ಇದ್ದರೆ ಚಕ್ರದ ಮಾತು ನಿಮಗೆ ತಿಳಿಯುತ್ತದೆ. ದೊಡ್ಡ ಕಲ್ಲು ತಿರುಗಲು ತಡ, ಆದರೆ ಕೈ ಬಿಟ್ಟರೂ ಇನ್ನಷ್ಟು ದೂರ ತಾನೇ ಹೋಗುತ್ತದೆ. ಸಣ್ಣ ಕಲ್ಲು ಕೈ ಇಟ್ಟ ಕೂಡಲೇ ತಿರುಗಿ, ಬಿಟ್ಟ ಕೂಡಲೇ ನಿಲ್ಲುತ್ತದೆ. ಭಾರದ ಜೋಡಿ ಹಾಕಿದರೆ ಹೊರಡುವಾಗ ಕಾಲು ಸ್ವಲ್ಪ ತಪ್ಪಿದರೂ ಗಾಡಿ ಸಹಿಸಿಕೊಳ್ಳುತ್ತದೆ, ಆದರೆ ವೇಗ ಏರುವುದು ತಡ. ಹಗುರದ ಜೋಡಿ ಹಾಕಿದರೆ ಬಯಲಿನಲ್ಲಿ ಅದನ್ನು ಹಿಡಿಯುವವರಿಲ್ಲ. ಆದರೆ ಹೊರಡುವಾಗ ಕಾಲು ಕೂದಲಷ್ಟು ಕಡಿಮೆ ಕೊಟ್ಟರೂ ಎಂಜಿನ್ ಬಂದ್. ಆ ಪಂದ್ಯದ ದಾರಿಯಲ್ಲಿ ಬಯಲು ಬಹಳ ಇತ್ತು, ಏರು ಒಂದೇ ಇತ್ತು. ಅದು ಹೊರಡುವ ಜಾಗದಲ್ಲೇ ಇತ್ತು.

ಹಗುರದ ಜೋಡಿ ಕೂಡಿಸಿದ್ದು ನನ್ನ ಕೈ. ಯಾರು ಹೇಳಿದರು ಎಂದು ಕೇಳಬೇಡಿ. ನನ್ನ ಕೈ ಎಂದೇ ಬರೆದುಕೊಳ್ಳಿ.

ವಿನೋದನಿಗೆ ನನ್ನ ಸಲಾಂ ಹೇಳಿ. ಹೇಳಲು ಮನಸ್ಸಾಗದಿದ್ದರೆ ಬಿಡಿ.

ಶಾಕಿರ್


ಮಾನ್ವಿ
27 ಫೆಬ್ರುವರಿ 2025

ಕುಮಾರಿ ಅಂಬಿಕಾ ಅವರಿಗೆ ಶರಣು,

ತಾವು ನನಗೆ ಕಳಿಸಿದ ಕಟುವಾದ ಪತ್ರ ಓದಿದೆ. ವಿನೋದ ನಮ್ಮ ಮನೆಯ ಹುಡುಗನಂತೆ ಇದ್ದವನು. ಅವನ ಸಲುವಾಗಿ ನಮ್ಮ ಮನೆಯಲ್ಲಿ ದಿನಾ ಪೂಜೆ ನಡೆದಿದೆ.

ಕಬ್ಬಿಣದ ಚೌಕಟ್ಟು ಯಾಕೆ ಇರಲಿಲ್ಲ ಎಂದು ಕೇಳಿದ್ದೀರಿ. ಅದು ನಮ್ಮ ಭಾಗದ ಹುಡುಗರು ಹುರುಪಿಗೆ ಇಟ್ಟುಕೊಂಡ ಪಂದ್ಯ. ಯಾರ ಗಾಡಿಯಲ್ಲೂ ಇರಲಿಲ್ಲ. ಚಕ್ರದ ವಿಷಯ ಗ್ಯಾರೇಜಿನವರಿಗೆ ಬಿಟ್ಟದ್ದು. ಚಕ್ರ ಹಾಕಿದ ದಿನ ನಾನು ಗ್ಯಾರೇಜಿನಲ್ಲಿ ಇರಲೂ ಇಲ್ಲ.

ಆದರೆ ಅಲ್ಲಿ ಯಾರು ಏನು ಹೇಳಿದರು ಎಂಬುದು ನನ್ನ ಕಿವಿಗೂ ಬಿದ್ದಿದೆ. ಅದನ್ನು ಠಾಣೆಯಲ್ಲಿ ಬಿಚ್ಚಿದರೆ ತಗ್ಗುವ ತಲೆ ನನ್ನದಲ್ಲ. ತಾವು ಓದಿಕೊಂಡವರು. ಮನೆಯ ಒಳ್ಳೆಯದನ್ನು ನೋಡಿ ನಡೆಯುವಿರಿ ಎಂದು ನಂಬಿದ್ದೇನೆ.

ತಮ್ಮ ಹಿತೈಷಿ
ಬಸವಲಿಂಗ


ದೇವದುರ್ಗ
9 ಮಾರ್ಚ್ 2025

ಶಾಕಿರ್ ಅವರೇ,

ನಿಮ್ಮ ಶಟರಿನ ಮೇಲೆ ಆ ಸಾಲು ಬರೆದವರು ನನ್ನವರಲ್ಲ. ನಾನು ಮಾಲೀಕ ಮತ್ತು ಕೂಲಿ ಎಂದು ಬರೆದರೆ ಅವರು ಅದನ್ನು ಧರ್ಮದ ಲೆಕ್ಕಕ್ಕೆ ತಿರುಗಿಸಿಕೊಂಡರು. ನನ್ನ ಕಾಗದವನ್ನು ಅವರು ಕದ್ದಿದ್ದಾರೆ. ಹುಡುಗರಿಗೆ ಹೇಳಿ ರಾಯಚೂರಿನಲ್ಲಿ ಅಂಟಿಸಿದ್ದನ್ನೆಲ್ಲ ಕೀಳಿಸುತ್ತಿದ್ದೇನೆ. ಕಿತ್ತ ಕಡೆ ಮತ್ತೆ ಅಂಟುತ್ತಿವೆ. ಇದಕ್ಕೆ ನನ್ನ ಬಳಿ ಕ್ಷಮೆ ಬಿಟ್ಟು ಬೇರೆ ಏನೂ ಇಲ್ಲ.

ಆದರೆ ಚಕ್ರದ ಪ್ರಶ್ನೆ ಹಾಗೇ ಇದೆ. "ನನ್ನ ಕೈ ಎಂದು ಬರೆದುಕೊಳ್ಳಿ" ಅನ್ನುವುದು ಉತ್ತರವಲ್ಲ. ನೀವು ಯಾರನ್ನೋ ಮರೆಮಾಡುತ್ತಿದ್ದೀರಿ. ಅತ್ತ ಬಸವಲಿಂಗರು ನಗುನಗುತ್ತ ಬೆದರಿಸುತ್ತಾರೆ. ವಿನೋದನನ್ನು ಕೇಳಿದೆ.

"ಅಣ್ಣಾ, ಹಗುರದ್ದು ಹಾಕ್ರಿ ಅಂದಾವರು ಯಾರು?"

"ನಾನೇ."

"ನೀನs? ಏರು ಮ್ಯಾಲ ನಿಂದ್ರಬೇಕು ಅಂತ ನಿನಗ ಗೊತ್ತಿತ್ತಲ್ಲ?"

"ಗೊತ್ತಿತ್ತು. ತಲಿ ಕೆಟ್ಟಿತ್ತು. ಹಾಕಿಸೀನಿ. ಬರಕೋ ಹೋಗು ನಿನ್ನ ಪಾಂಪ್ಲೆಟ್‌ದಾಗ."

ಅಷ್ಟರಲ್ಲಿ ಯವ್ವ ಗಂಜಿ ತಂದಳು. "ಏನ ಹಾಕ್ಸಿದ್ದಿ?" ಎಂದು ಕೇಳಿದಳು. ಅವನು ಗೋಡೆ ಕಡೆ ಮುಖ ತಿರುಗಿಸಿ ಕಣ್ಣು ಮುಚ್ಚಿದ. ಯವ್ವ ಬಂದಾಗಲೆಲ್ಲ ಹೀಗೇ ಮಾಡುತ್ತಾನೆ. ಅವನ ಬಾಯಿಯನ್ನು ಯಾರೋ ಕಟ್ಟಿದ್ದಾರೆ. ಒಂದೋ ಬಸವಲಿಂಗ, ಇಲ್ಲವೇ ನೀವು.

ನಾನು ಠಾಣೆಗೆ ದೂರು ಕೊಟ್ಟಿದ್ದೇನೆ. ಅದರಲ್ಲಿ ಬಸವಲಿಂಗರ ಹೆಸರೂ ಇದೆ, ನಿಮ್ಮ ಹೆಸರೂ ಇದೆ. ನಿಮ್ಮ ಮೇಲೆ ಕನಿಕರ ಇದೆ ಎಂದು ಹೆಸರು ಬಿಡುವುದು ನ್ಯಾಯವಲ್ಲ.

ಅಂಬಿಕಾ


ರಾಯಚೂರು
20 ಮಾರ್ಚ್ 2025

ತಂಗಿ ಅಂಬಿಕಾ,

ಇದನ್ನು ನಿಮ್ಮ ಅಂಗಡಿಯ ವಿಳಾಸಕ್ಕೆ ಕಳಿಸುತ್ತಿದ್ದೇನೆ. ಮನೆಗೆ ಒಯ್ಯಬೇಡಿ.

ಠಾಣೆಯಿಂದ ಕರೆ ಬಂದಿದೆ. ಏಪ್ರಿಲ್ ಎಂಟು, ಮಂಗಳವಾರ ನನ್ನ ಹೇಳಿಕೆ ಬರೆದುಕೊಳ್ಳುತ್ತಾರೆ. ಹಗುರದ್ದನ್ನು ಯಾರು ಆರಿಸಿದರು ಎಂದು ಕೇಳಿದರೆ ಹಿಂದಿನಂತೆ ತಪ್ಪಿಸಿಕೊಳ್ಳೋಣ ಎಂದೇ ಇದ್ದೆ. ಆದರೆ ವಕೀಲರು ಹೇಳಿದರು, ಏರು ಇದೆ ಎಂದು ಗೊತ್ತಿದ್ದು ನಾನೇ ಆರಿಸಿದೆ ಎಂದರೆ ನನ್ನನ್ನು ಒಳಗೆ ಹಾಕುತ್ತಾರೆ. ನನಗೂ ಮನೆ ಇದೆ, ಮಕ್ಕಳು ಇದ್ದಾರೆ. ರೋಜಾ ಇದ್ದೇನೆ, ಸುಳ್ಳು ಬರೆಯಲಾರೆ. ಠಾಣೆಗೆ ಹೋಗುವ ಮೊದಲು ನಿಮಗೆ ತಿಳಿಯಲಿ.

ನವೆಂಬರಿನಲ್ಲಿ ನಿಮ್ಮ ಯವ್ವ ಕಣ್ಣು ತೋರಿಸಲು ರಾಯಚೂರಿಗೆ ಬಂದಿದ್ದು ನೆನಪಿದೆಯೇ? ಆಸ್ಪತ್ರೆಯಲ್ಲಿ ಕಣ್ಣಿಗೆ ಹನಿ ಹಾಕಿ ಕಳಿಸಿದ್ದರು. ಎಲ್ಲ ಮಂಜು ಮಂಜು ಎನ್ನುತ್ತ, ವಿನೋದನ ತೋಳು ಹಿಡಿದು ಗ್ಯಾರೇಜಿಗೆ ಬಂದು ಸ್ಟೂಲಿನ ಮೇಲೆ ಕೂತರು. ಬುತ್ತಿ ತಂದಿದ್ದರು. ನಮಗೆಲ್ಲ ಸಜ್ಜೆ ರೊಟ್ಟಿ, ಪುಂಡಿಪಲ್ಯ.

ಆಗ ಎರಡೂ ಚಕ್ರ ನೆಲದ ಮೇಲೆ ಇದ್ದವು. ನಾನು ಮತ್ತು ವಿನೋದ ಬೆಳಗಿನಿಂದ ಜಗಳಾಡುತ್ತಿದ್ದೆವು.

"ಬಯಲಾಗ ಬಿಟ್ರ ಈ ಹಗುರದ್ದು ಯಾರಿಗೂ ಸಿಗಂಗಿಲ್ಲ ಶಾಕಿರಣ್ಣ" ಅಂದ.

"ಏರು ಮ್ಯಾಲ ನಿಂತಾಗ ನಿನಗೂ ಸಿಗಂಗಿಲ್ಲ ಮಗನ" ಅಂದೆ.

ನನ್ನ ಮನಸ್ಸು ಭಾರದ್ದರ ಕಡೆ, ಅವನ ಮನಸ್ಸು ಹಗುರದ್ದರ ಕಡೆ. ಆದರೆ ಅವನೂ ಗಟ್ಟಿಯಾಗಿ ಹೇಳುತ್ತಿರಲಿಲ್ಲ. ಏರಿನ ಅಂಜಿಕೆ ಅವನಿಗೂ ಇತ್ತು.

ನಮ್ಮ ಗ್ಯಾರೇಜಿನಲ್ಲಿ ನನ್ನ ಉಸ್ತಾದರು ಹಾಕಿಕೊಟ್ಟ ಪದ್ಧತಿ ಒಂದಿದೆ. ಗಾಡಿ ಓಡಿಸುವವನ ಮನೆಯ ಹಿರಿಯರು ಬಂದರೆ, ಗೇರ್‌ಬಾಕ್ಸ್ ಮುಚ್ಚುವಾಗ ಮೊದಲ ಬೋಲ್ಟು ಅವರ ಕೈಯಿಂದ ತಿರುಗಿಸುತ್ತೇವೆ. ವಾದ ತೀರದಿದ್ದರೆ ಅವರನ್ನೇ ಕೇಳುತ್ತೇವೆ. ಕೇಳಿದ ಮೇಲೆ ಅವರ ಮಾತು ಮೀರುವುದಿಲ್ಲ. ವಿನೋದನೇ ಅಂದ, "ಯವ್ವ ಬಂದಾಳ, ಅಕೀನ್ನ ಕೇಳ್ರಿ, ಮುಗದಹೋಗ್ಲಿ."

ನಾನು ಕೇಳಿದೆ. "ಯವ್ವಾ, ನೀವs ಹೇಳ್ರಿ. ಹಗುರದ್ದು ಹಾಕ್ಲೇನು, ಭಾರದ್ದು ಹಾಕ್ಲೇನು?"

ಅವರು ತಡ ಮಾಡಲಿಲ್ಲ. "ಹಗುರದ್ದ ಹಾಕಪಾ ಯಪ್ಪಾ. ಭಾರದ್ದು ಬ್ಯಾಡs ಬ್ಯಾಡ."

ವಿನೋದ ಚಪ್ಪಾಳೆ ತಟ್ಟಿ ನಕ್ಕ. "ನೋಡಿದ್ಯಾ, ನಮ್ಮವ್ವ ನಿನಕಿಂತ ಹುಷಾರ್ ಮೆಕ್ಯಾನಿಕ್." ಯವ್ವನೂ ನಕ್ಕರು. ಹಗುರದ್ದನ್ನು ಕೂಡಿಸಿ, ಅವರ ಕೈ ಹಿಡಿದು ಬೋಲ್ಟು ತಿರುಗಿಸಿದೆವು.

ಇದೇ ನಡೆದದ್ದು. ಗ್ಯಾರೇಜಿನಲ್ಲಿದ್ದ ಬಸವಲಿಂಗರ ಆಳು ಕೇಳಿಸಿಕೊಂಡಿದ್ದಾನೆ. ವಿನೋದ ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು, ಯವ್ವನ ಹೆಸರು ಎಲ್ಲೂ ಬರಬಾರದು ಎಂದು ಮಾತು ತೆಗೆದುಕೊಂಡಿದ್ದ. ಆ ಮಾತು ಈಗ ಮುರಿದೆ.

ಶಾಕಿರ್


ದೇವದುರ್ಗ
23 ಮಾರ್ಚ್ 2025

ಇದು ಸುಳ್ಳು. ಕಣ್ಣು ಕಾಣದೆ ಕೂತಿದ್ದ ಮುದುಕಿಯ ಸೆರಗಿನ ಹಿಂದೆ ಅಡಗುತ್ತಿದ್ದೀರಿ. ನನ್ನ ಯವ್ವ ತನ್ನ ಮಗನಿಗೆ ವೇಗ ಆರಿಸುವವಳಲ್ಲ. ಬಸ್ಸು ಜೋರು ಹೋದರೆ ಕಂಡಕ್ಟರನನ್ನು ಬಯ್ಯುವವಳು ಅವಳು. ಮಾಲೀಕರು ಮಾಡುವ ಕೆಲಸ ನೀವೂ ಮಾಡಿದಿರಿ.

ಅಂಬಿಕಾ


ದೇವದುರ್ಗ
1 ಏಪ್ರಿಲ್ 2025

ಶಾಕಿರಣ್ಣ,

ಹಿಂದಿನ ಕಾಗದ ಹರಿದುಹಾಕಿ. ನೀವು ಸುಳ್ಳು ಹೇಳಿಲ್ಲ. ಯುಗಾದಿ ಹೋಯಿತು, ನಿಮ್ಮ ಹಬ್ಬವೂ ಹೋಯಿತು, ಎರಡಕ್ಕೂ ಒಂದು ಮಾತು ಹೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಯುಗಾದಿಯ ದಿನ ಯವ್ವ ವಿನೋದನಿಗೆ ಎಣ್ಣೆ ತಿಕ್ಕುತ್ತಿದ್ದಳು. ನಾನು ಬೇರೇನೋ ಮಾತಿನ ನಡುವೆ ಕೇಳಿದೆ.

"ಯವ್ವಾ, ಆವತ್ತ ಗ್ಯಾರೇಜಿನ್ಯಾಗ ಶಾಕಿರಣ್ಣ ನಿನ್ನ ಏನರ ಕೇಳಿದ್ನೇನ?"

"ಕೇಳಿದ್ನಲ್ಲ. ಗಾಡಿ ಹಗುರ ಹೋಗೂದು ಮಾಡ್ಲೇನು, ಭಾರಿ ಓಡೂದು ಮಾಡ್ಲೇನು ಅಂದ. ಹಗುರದ್ದ ಹಾಕಪಾ ಅಂದ್ನಿ. ಹಡದಾಕಿ ಮತ್ತೇನ ಅಂದಾಳು?"

ನಾನು ಕೈಯಲ್ಲಿದ್ದ ಎಣ್ಣೆಯ ಬಟ್ಟಲನ್ನು ಕೆಳಗಿಟ್ಟೆ.

"ಆದ್ರ ಅಂವ ನನ ಮಾತ ಕೇಳಲಿಲ್ಲ ನೋಡು" ಅಂದಳು. "ಎದರಿಗೆ ಹೂಂ ಅಂದು, ಹಿಂದ ಆ ಭಾರದ್ದ ಹಾಕ್ಯಾನ. ಅವನ ಕೈ ಸೇದಿಹೋಗ್ಲಿ. ನೀ ಠಾಣಿಗೆ ಹೋಗಾಗ ನಾನೂ ಬರ್ತೀನಬೇ. ಸಾಹೇಬ್ರ ಮುಂದ ನಾನs ಹೇಳ್ತೀನಿ, ನಾ ಹಗುರದ್ದ ಅಂದಿದ್ನಿ ಅಂತ."

ನಿಮಗೆ ಅರ್ಥವಾಯಿತೇ? ನೀವು ಹಗುರ ಎಂದು ತೂಕದ ಮಾತು ಹೇಳಿದಿರಿ. ಅವಳು ನಿಧಾನದ ಮಾತು ಕೇಳಿಸಿಕೊಂಡಳು. ನಾವು ಮನೆಯಿಂದ ಹೊರಡುವಾಗ "ಹಗುರ ಹೋಗ್ರಿ" ಎಂದು ದಿನವೂ ಹೇಳುವವಳು ಅವಳು. ಮಗ ಮೆಲ್ಲಗೆ ಹೋಗಲಿ ಎಂದು ಕೇಳಿಕೊಂಡಳು. ಬೆಳಗಿನಿಂದ ಚಕ್ರಗಳ ನಡುವೆ ಕೂತಿದ್ದ ನಿಮ್ಮಿಬ್ಬರಿಗೂ ಆ ಪದಕ್ಕೆ ಬೇರೆ ಅರ್ಥ ಉಳಿದಿರಲಿಲ್ಲ. ನಕ್ಕು ಬೋಲ್ಟು ತಿರುಗಿಸಿದಿರಿ. ಅವಳೂ ನಕ್ಕಳು, ನಿಧಾನದ ಗಾಡಿ ಕಟ್ಟಿಸಿದೆ ಎಂದು.

ವಿನೋದ ಯವ್ವನ ಬೆನ್ನ ಹಿಂದಿನಿಂದ ನನ್ನನ್ನೇ ನೋಡುತ್ತಿದ್ದ. ಅವಳು ನೀರಿಗೆ ಹೊರಗೆ ಹೋದಾಗ ಅಂದ, "ನನಗ ಆಸ್ಪತ್ರ್ಯಾಗs ತಿಳೀತು. ಅಕಿ ಬಂದು 'ನಾ ಹಗುರ ಅಂದಿದ್ನಲ್ಲೋ' ಅಂತ ಅತ್ತಾಗs ತಿಳೀತು. ನನ ಕಾಲಂತೂ ಹೋದ್ವು ಅಂಬಿ. ಅಕಿ ಜೀವ ಯಾಕ ತಗೀತಿ? ಶಾಕಿರಣ್ಣನ ಮ್ಯಾಲ ಸಿಟ್ಟ ಇರ್ಲಿ ಬಿಡು. ಸಿಟ್ಟ ಇದ್ರ ಬದಕ್ತಾಳ."

"ಮತ್ತ ಶಾಕಿರಣ್ಣ?" ಅಂದೆ.

ಅವನು ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡ.

ನನ್ನ ಪುಸ್ತಿಕೆಗಳನ್ನೆಲ್ಲ ಹರಡಿಕೊಂಡು ಕೂತೆ. ಪ್ರತಿಯೊಂದರಲ್ಲೂ ಒಬ್ಬ ಶತ್ರು ಇದ್ದಾನೆ. ಸತ್ಯ ಹೇಳಿದರೆ ಅವನು ಬೀಳುತ್ತಾನೆ. ಸತ್ಯ ಹೇಳಿದರೆ ತಾಯಿ ಬೀಳುವ ಪುಟ ಯಾವುದರಲ್ಲೂ ಇಲ್ಲ. ಓದಿ ಓದಿ ಮುಚ್ಚಿದೆ. ನನಗೆ ಈಗ ಯಾವುದರಲ್ಲೂ ಗಟ್ಟಿ ನಂಬಿಕೆ ಉಳಿದಿಲ್ಲ ಎಂದು ಬರೆಯಲು ನಾಚಿಕೆಯಾಗುತ್ತದೆ. ಆದರೂ ಅದೇ ನಿಜ.

ದೂರು ಹಿಂತೆಗೆದುಕೊಂಡರೆ ಎಲ್ಲ ಮುಚ್ಚಿಹೋಗುತ್ತದೆ. ಯವ್ವ ತನ್ನ ಸಿಟ್ಟಿನಲ್ಲಿ ಬದುಕುತ್ತಾಳೆ. ಬಸವಲಿಂಗರು ಇನ್ನೊಬ್ಬನನ್ನು ಚೌಕಟ್ಟಿಲ್ಲದ ಗಾಡಿಯಲ್ಲಿ ಕೂರಿಸಿ ಏರಿನ ಮೇಲೆ ನಿಲ್ಲಿಸುತ್ತಾರೆ. ನಿಮ್ಮ ಶಟರಿನ ಮೇಲಿನ ಸಾಲುಗಳು ಹಾಗೇ ಇರುತ್ತವೆ, ಏಕೆಂದರೆ ಅವು ಸುಳ್ಳು ಎಂದು ಹೇಳಬೇಕಾದವಳು ನಾನೊಬ್ಬಳೇ. ಆ ಮೂರನ್ನು ತೂಗಿ ನೋಡಿದೆ. ಒಂದು ಗಳಿಗೆ ಹಿಂತೆಗೆಯುವುದೇ ಸರಿ ಅನ್ನಿಸಿತು. ಅರ್ಜಿಯನ್ನೂ ಟೈಪ್ ಮಾಡಿದೆ. ಆಗ ಅಂಗಡಿಗೆ ಬಂದ ಹುಡುಗರು ರಾಯಚೂರಿನಲ್ಲಿ ನಿಮ್ಮ ಮಗಳನ್ನು ಶಾಲೆಯ ದಾರಿಯಲ್ಲಿ ಯಾರೋ ಆ ಸಾಲುಗಳನ್ನು ಕೂಗಿ ಅಳುವಂತೆ ಮಾಡಿದರು ಎಂದು ಹೇಳಿದರು. ನೀವು ನನಗೆ ಅದನ್ನು ಬರೆಯಲೇ ಇಲ್ಲ. ಅರ್ಜಿಯನ್ನು ಅಳಿಸಿಬಿಟ್ಟೆ.

ನಿಮ್ಮ ಹೆಸರನ್ನು ದೂರಿನಿಂದ ತೆಗೆಯಲು ಬರೆದು ಕೊಡುತ್ತೇನೆ. ಬಸವಲಿಂಗರದು ಇರುತ್ತದೆ. ಚೌಕಟ್ಟು ಹಾಕಿಸದಿದ್ದಕ್ಕೆ, ಇಳಿಜಾರಿನಲ್ಲಿ ಎಳೆದ ಗೆರೆಗೆ ಅಂಥ ಗಾಡಿಯನ್ನು ಕಳಿಸಿದ್ದಕ್ಕೆ. ಮಂಗಳವಾರ ಅವರನ್ನೂ ಠಾಣೆಗೆ ಕರೆದಿದ್ದಾರೆ. ಹಾಗೆ ಮಾಡಿದರೆ ಅವರು ಅಲ್ಲಿ ಯವ್ವನ ಮಾತನ್ನು ಬಿಚ್ಚುತ್ತಾರೆ, ಬಿಚ್ಚಿಯೇ ಬಿಚ್ಚುತ್ತಾರೆ. ಯವ್ವ ಎಲ್ಲರ ಎದುರು ಎದ್ದು, ಹೆಮ್ಮೆಯಿಂದ, "ಹೌದ್ರಿ, ನಾ ಹಗುರದ್ದ ಅಂದಿದ್ನಿ" ಅನ್ನುತ್ತಾಳೆ. ಅವರ ವಕೀಲ ನಗುತ್ತಾನೆ. ಆ ನಗುವಿನಿಂದ ಅವಳಿಗೆ ತಿಳಿಯುವುದು ಬೇಡ. ತಿಳಿಯುವುದಾದರೆ ನಮ್ಮಿಂದ, ನಮ್ಮ ಮನೆಯಲ್ಲಿ ತಿಳಿಯಲಿ.

ಹೇಳಲು ಹೋಗಿ ನಿನ್ನೆ ಅವಳ ಪಕ್ಕ ಕೂತು, ಹೇಳದೆ ಎದ್ದು ಬಂದೆ. ನಾನೊಬ್ಬಳೇ ಹೇಳಿದರೆ, ನಿಮ್ಮನ್ನು ಉಳಿಸಲು ಕಥೆ ಕಟ್ಟುತ್ತಿದ್ದೇನೆ ಎಂದುಕೊಳ್ಳುತ್ತಾಳೆ. ಚಕ್ರ ಹಗುರವಾದರೆ ಗಾಡಿ ಯಾಕೆ ಹಗುರ ಹೋಗಲಿಲ್ಲ ಎಂದು ಕೇಳುತ್ತಾಳೆ. ಅದಕ್ಕೆ ಉತ್ತರ ಕೊಡಲು ನನಗೆ ಬರುವುದಿಲ್ಲ. ನೀವು ಬರಬೇಕು. ಅವಳು ಹೇಳಿದಂತೆಯೇ ಮಾಡಿದಿರಿ ಎಂದು ಹೇಳಬೇಕು. ಅವಳು ಕೇಳಿದ್ದು ಬೇರೆ, ನಿಮಗೆ ಕೇಳಿಸಿದ್ದು ಬೇರೆ ಎಂದೂ ಹೇಳಬೇಕು. ಅವಳು ನಿಮ್ಮನ್ನು ಬಯ್ಯಬಹುದು, ಕೈಗೆ ಸಿಕ್ಕಿದ್ದನ್ನು ಎಸೆಯಬಹುದು. ಅದಕ್ಕೆ ನನಗೆ ಹೆದರಿಕೆಯಿಲ್ಲ. ಏನೂ ಅನ್ನದೆ ಸುಮ್ಮನೆ ಕೂತುಬಿಟ್ಟರೆ ಏನು ಮಾಡುವುದು ಎಂಬುದು ಗೊತ್ತಿಲ್ಲ.

ವಿನೋದ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ನೀವು ಬರುವುದನ್ನು ಅವನಿಗೆ ಹೇಳಿದ್ದೇನೆ. ಮುಖ ತಿರುಗಿಸಿಕೊಂಡ. ಬೇಡ ಅನ್ನಲಿಲ್ಲ.

ಮನೆ ನಿಮಗೆ ಗೊತ್ತಾಗುವುದಿಲ್ಲ, ನಾನೇ ಕರೆದೊಯ್ಯುತ್ತೇನೆ. ದೇವದುರ್ಗದ ಬಸ್ ನಿಲ್ದಾಣದಲ್ಲಿ, ರಾಯಚೂರು ಬಸ್ಸು ಬಂದು ನಿಲ್ಲುವ ಕಡೆ ಇರುತ್ತೇನೆ. ಏಪ್ರಿಲ್ ಆರು, ಭಾನುವಾರ, ಬೆಳಿಗ್ಗೆ ಒಂಬತ್ತು ಗಂಟೆಗೆ.

ನಿಮ್ಮ ತಂಗಿ
ಅಂಬಿಕಾ